ಮಳೆಗಾಲದಲ್ಲಿ ಅರ್ಧಕ್ಕೇ ನಿಂತ ಹಿರಾವೊ ರಿಯಾಕ್ಷನ್: ಮಂಗಳೂರಿನ ಒಂದು ಪ್ರಕರಣ

ಮಂಗಳೂರಿನ ಹೊರವಲಯದ ಒಂದು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ನಡೆದ ಪ್ರಕರಣ ಇದು. ಪಲ್ಲಾಡಿಯಂ ಲೋಹದ ಸಹಾಯದಿಂದ ಬೆಂಜೀನ್ ಉಂಗುರಕ್ಕೆ ಫಾಸ್ಫರಸ್ ಜೋಡಿಸುವ ಹಿರಾವೊ ರಿಯಾಕ್ಷನ್ ಅಲ್ಲಿ ಫೆಬ್ರವರಿ, ಮಾರ್ಚಿನಲ್ಲಿ ಸಲೀಸಾಗಿ ನಡೆಯುತ್ತಿತ್ತು, ಜುಲೈ ಹೊತ್ತಿಗೆ ಅರ್ಧಕ್ಕೇ ನಿಲ್ಲತೊಡಗಿತು. ರಾತ್ರಿಯಿಡೀ ಬಿಸಿ ಮಾಡಿದರೂ ಶುರುವಿನಲ್ಲಿ ಹಾಕಿದ ಬ್ರೋಮೈಡ್ (ಬ್ರೋಮಿನ್ ಅಂಟಿದ ಉಂಗುರದ ಕಚ್ಚಾವಸ್ತು) ಹಾಗೇ ಉಳಿಯುತ್ತಿತ್ತು. ಫ್ಲಾಸ್ಕಿನ ತಳದಲ್ಲಿ ಕಪ್ಪು ಪುಡಿ. ಅದು ಸತ್ತ ಪಲ್ಲಾಡಿಯಂ. ದುಬಾರಿ ಲೋಹ, ಕಣ್ಣೆದುರೇ ಹಾಳು.

ಲ್ಯಾಬಿನಲ್ಲಿ ಎಲ್ಲರೂ ಮಳೆಯನ್ನೇ ದೂರಿದರು. ಗೈಡ್ ಆಗಿರುವ ಮೇಡಂ ಕೇಳಿಕೊಂಡದ್ದರಿಂದ ನಾನು ಅವರ ನೋಟ್‌ಬುಕ್ ಮತ್ತು ಡೇಟಾ ನೋಡಲು ಹೋದೆ. ಯಾರ ಹೆಸರೂ ಇಲ್ಲದೆ ಇದನ್ನು ಬರೆಯಲು ಅವರೂ ಸಂಶೋಧನಾ ವಿದ್ಯಾರ್ಥಿನಿಯೂ ಒಪ್ಪಿದ್ದಾರೆ. ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಲೋಹದ ಸಹಾಯದಿಂದ ಫಾಸ್ಫರಸ್ ಮತ್ತು ಕಾರ್ಬನ್ ಜೋಡಿಸುವ ಕೆಲಸಕ್ಕೆ ಇಳಿಯುವ ನಮ್ಮ ಹುಡುಗರು ರಿಯಾಕ್ಷನ್ ಕೆಟ್ಟಾಗ ಮೊದಲು ಲೋಹವನ್ನು ಅನುಮಾನಿಸುತ್ತಾರೆ, ಆಮೇಲೆ ಗಾಳಿ ಮತ್ತು ನೀರನ್ನು. ಫಾಸ್ಫರಸ್ಸನ್ನು ಯಾರೂ ಕೇಳುವುದಿಲ್ಲ. ಈ ರಿಯಾಕ್ಷನ್‌ಗಳಲ್ಲಿ ಮೊದಲು ಮಾತಾಡಿಸಬೇಕಾದದ್ದೇ ಅದನ್ನು.

ಏನು ಮಾಡಲು ಹೊರಟಿದ್ದರು

ಗುರಿ ಕರಾವಳಿಯದ್ದೇ. ಪಣಂಬೂರು, ಬೈಕಂಪಾಡಿ ಕಡೆಯ ಶೆಡ್ಡುಗಳ ಉಕ್ಕನ್ನು, ಬೆಂಗ್ರೆಯ ಬೋಟುಗಳ ಬೋಲ್ಟುಗಳನ್ನು ನೋಡಿದವರಿಗೆ ಉಪ್ಪುಗಾಳಿ ಏನು ಮಾಡುತ್ತದೆ ಎಂದು ಹೇಳಬೇಕಿಲ್ಲ. ಫಾಸ್ಫೋನಿಕ್ ಆಸಿಡ್‌ಗಳು ಲೋಹದ ಮೇಲಿನ ಆಕ್ಸೈಡ್ ಪದರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಬೆಂಜೀನ್ ಉಂಗುರಕ್ಕೆ ಅಂಟಿದ ಫಾಸ್ಫೋನಿಕ್ ಆಸಿಡ್‌ನ ತೆಳು ಪದರ ಉಕ್ಕಿಗೆ ಎಷ್ಟು ರಕ್ಷಣೆ ಕೊಡುತ್ತದೆ, ಉಂಗುರದ ಇನ್ನೊಂದು ತುದಿಯಲ್ಲಿ ಬೇರೆ ಬೇರೆ ಗುಂಪು ಇಟ್ಟರೆ ಏನು ವ್ಯತ್ಯಾಸ ಬರುತ್ತದೆ, ಇದು ವಿದ್ಯಾರ್ಥಿನಿಯ ವಿಷಯ.

ಅಂಥ ಆಸಿಡ್ ಮಾಡಲು ಮೊದಲು ಅದರ ಡೈಈಥೈಲ್ ಎಸ್ಟರ್ (ಆಸಿಡ್‌ನ ಎರಡು ಹೈಡ್ರೋಜನ್ ಜಾಗದಲ್ಲಿ ಎರಡು ಈಥೈಲ್ ಗುಂಪು ಕೂತ ರೂಪ) ಬೇಕು. ಅಂದರೆ ಉಂಗುರದ ಕಾರ್ಬನ್‌ಗೆ ಫಾಸ್ಫರಸ್ ನೇರವಾಗಿ ಅಂಟಬೇಕು. ಸಾಮಾನ್ಯ ಆಲ್ಕೈಲ್ ಹ್ಯಾಲೈಡ್ ಆಗಿದ್ದರೆ ಲೋಹವೇ ಬೇಡ. 1898ರಲ್ಲಿ ಮೈಕೆಲಿಸ್ ಕಂಡು, ಆಮೇಲೆ ರಷ್ಯಾದ ಅರ್ಬುಜೋವ್ ಬೆಳೆಸಿದ ಹಳೆಯ ವಿಧಾನ ಸಾಕು. ಟ್ರೈಈಥೈಲ್ ಫಾಸ್ಫೈಟ್ ಹಾಕಿ ಕಾಯಿಸಿದರೆ ಆಯಿತು. ಆದರೆ ಆ ವಿಧಾನದಲ್ಲಿ ಫಾಸ್ಫರಸ್ ಹಿಂದಿನಿಂದ ಬಂದು ಹ್ಯಾಲೈಡನ್ನು ತಳ್ಳಬೇಕು. ಬೆಂಜೀನ್ ಉಂಗುರದಲ್ಲಿ ಹಿಂದಿನಿಂದ ಬರಲು ದಾರಿಯೇ ಇಲ್ಲ. ಅಲ್ಲಿ ಕಾರ್ಬನ್ ಮತ್ತು ಬ್ರೋಮಿನ್ ನಡುವಿನ ಬಂಧವನ್ನು ಬಿಡಿಸಿಕೊಡಲು ಲೋಹ ಬೇಕೇ ಬೇಕು.

1970ರಲ್ಲಿ ಟಾವ್ಸ್ ನಿಕ್ಕೆಲ್ ಕ್ಲೋರೈಡ್ ಬಳಸಿ ಇದನ್ನು ಮಾಡಿ ತೋರಿಸಿದರು, ಸುಮಾರು 150ರಿಂದ 160 ಡಿಗ್ರಿ ಬಿಸಿಯಲ್ಲಿ. ಹತ್ತು ವರ್ಷದ ನಂತರ, 1980–81ರಲ್ಲಿ, ಜಪಾನಿನ ತೋಶಿಕಾಜು ಹಿರಾವೊ ಮತ್ತು ಸಂಗಡಿಗರು ಪಲ್ಲಾಡಿಯಂ ತಂದರು. ಬಿಸಿ 90 ಡಿಗ್ರಿಗೆ ಇಳಿಯಿತು. ಆರಿಲ್ ಬ್ರೋಮೈಡ್ (ಬ್ರೋಮಿನ್ ಅಂಟಿದ ಉಂಗುರ), ಫಾಸ್ಫರಸ್ ಕೊಡುವ ಡೈಈಥೈಲ್ ಫಾಸ್ಫೈಟ್, ಟ್ರೈಈಥೈಲ್ ಅಮೀನ್ ಎಂಬ ಪ್ರತ್ಯಾಮ್ಲ, ಜೊತೆಗೆ ನಾಲ್ಕು ಟ್ರೈಫಿನೈಲ್ ಫಾಸ್ಫೀನ್ ಹಿಡಿದ ಪಲ್ಲಾಡಿಯಂ, ಅದನ್ನು ಲ್ಯಾಬಿನಲ್ಲಿ ಟೆಟ್ರಾಕಿಸ್ ಅನ್ನುತ್ತಾರೆ. ಇಷ್ಟನ್ನು ನೈಟ್ರೋಜನ್ ಕೆಳಗೆ ಕಾಯಿಸಿದರೆ ಫಾಸ್ಫೋನೇಟ್, ಅಂದರೆ ನಮಗೆ ಬೇಕಾದ ಎಸ್ಟರ್, ಬರುತ್ತದೆ. ಇಂದಿಗೂ ಮೊದಲು ಪ್ರಯತ್ನಿಸುವುದು ಇದನ್ನೇ. ನಮ್ಮ ವಿದ್ಯಾರ್ಥಿನಿಯೂ ಹಾಗೇ ಶುರು ಮಾಡಿದ್ದರು.

ಬೇಸಿಗೆಗೆ ಮುಂಚೆ ಅವರು 4-ಬ್ರೋಮೋಅಸಿಟೋಫಿನೋನ್ (ಉಂಗುರದ ಒಂದು ತುದಿಯಲ್ಲಿ ಬ್ರೋಮಿನ್, ಇನ್ನೊಂದು ತುದಿಯಲ್ಲಿ ಅಸಿಟೈಲ್ ಗುಂಪು) ಹಾಕಿ ಮಾಡಿದರು. ಚೆನ್ನಾಗಿ ಬಂತು. ಮಿಶ್ರಣದಲ್ಲಿ ಏನೇನಿದೆ ಎಂದು ಚುಕ್ಕೆಗಳಾಗಿ ತೋರಿಸುವ ಟಿಎಲ್‌ಸಿ ಹಾಳೆಯಲ್ಲಿ ಬ್ರೋಮೈಡ್‌ನ ಚುಕ್ಕೆ ಸಂಜೆಯೊಳಗೆ ಮಾಯ. ಆಮೇಲೆ ಪರೀಕ್ಷೆ, ರಜೆ. ಜೂನ್ ಕೊನೆಗೆ ಬಂದು ಮುಂದಿನ ವಸ್ತು ಎತ್ತಿಕೊಂಡರು: 4-ಬ್ರೋಮೋಅನಿಸೋಲ್, ಅದರಲ್ಲಿ ಅಸಿಟೈಲ್ ಬದಲು ಮೆಥಾಕ್ಸಿ ಗುಂಪು. ಅದೇ ಬಾಟ್ಲಿಗಳು, ಅದೇ ಅಳತೆ. 10 ಮಿಲಿಮೋಲ್ ಬ್ರೋಮೈಡ್, ಅಂದರೆ 1.87 ಗ್ರಾಂ. ಫಾಸ್ಫೈಟ್ 12 ಮಿಲಿಮೋಲ್. ಟೆಟ್ರಾಕಿಸ್ ಶೇ 5 ಮೋಲ್ (ನೂರು ಬ್ರೋಮೈಡ್ ಅಣುಗಳಿಗೆ ಐದು), ಅಂದರೆ 578 ಮಿಲಿಗ್ರಾಂ. ಈ ಅಳತೆ ಓದುವಾಗಲೇ ನನಗೆ ಸಂಕಟವಾಯಿತು. ಟೆಟ್ರಾಕಿಸ್‌ನ ತೂಕದಲ್ಲಿ ಪಲ್ಲಾಡಿಯಂ ಇರುವುದು ಶೇ 9ರಷ್ಟು ಮಾತ್ರ, ಉಳಿದದ್ದೆಲ್ಲ ಟ್ರೈಫಿನೈಲ್ ಫಾಸ್ಫೀನ್. ಒಂದು ಸಣ್ಣ ಕಾಲೇಜಿನ ಗ್ರಾಂಟಿನಲ್ಲಿ ಇದನ್ನು ಒಂದೊಂದು ಸಲವೂ ಅರ್ಧ ಗ್ರಾಂಗಿಂತ ಜಾಸ್ತಿ ಸುರಿಯುವುದು ಸಣ್ಣ ವಿಷಯವಲ್ಲ.

ಮಳೆಯ ಮೇಲಿನ ದೂರು

ರಿಯಾಕ್ಷನ್ ನಿಂತಾಗ ವಿದ್ಯಾರ್ಥಿನಿ ದ್ರಾವಕವಾದ ಟೊಲ್ವೀನ್‌ನ ತೇವ ತೆಗೆದು ಒಣಗಿಸಿದರು. ಗಾಜಿನ ಸಾಮಾನನ್ನು ಓವನ್ನಿನಲ್ಲಿ ಇಟ್ಟು ತೆಗೆದರು. ನೈಟ್ರೋಜನ್ ಸಿಲಿಂಡರ್ ಬದಲಿಸಿದರು. ಕ್ಯಾಟಲಿಸ್ಟ್, ಅಂದರೆ ರಿಯಾಕ್ಷನ್ ನಡೆಸಿಕೊಡುವ ಟೆಟ್ರಾಕಿಸ್, ಇನ್ನೂ ಜಾಸ್ತಿ ಹಾಕಿದರು. ಏನೂ ಆಗಲಿಲ್ಲ. ಲ್ಯಾಬ್ ಅಟೆಂಡರ್ ಅಲ್ಲಿ ಬಹಳ ವರ್ಷದಿಂದ ಇರುವವರು. ಅವರು ಮೇಡಂ ಹತ್ತಿರ, "ಪ್ರತೀ ವರ್ಷ ಹೀಗೇ ಮೇಡಂ, ಈ ಮಳೆಗೆ ಎಂತ ಮಾಡಿದ್ರೂ ಆಗುದಿಲ್ಲ. ಸಪ್ಟೆಂಬರ್ ಬರ್ಲಿ" ಅಂದರಂತೆ.

ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಮ್ಮ ಜುಲೈಯ ಗಾಳಿಯಲ್ಲಿ ಸಿಲಿಕಾ ಜೆಲ್‌ನ ನೀಲಿ ಬೀಡುಗಳು ನೋಡನೋಡುತ್ತಲೇ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ನೀರು ತಾಗಿದರೆ ಕೆಡುವ ಸೋಡಿಯಂ ಹೈಡ್ರೈಡ್, ಗ್ರಿನ್ಯಾರ್ಡ್ ರಿಯಾಕ್ಷನ್ ಮಾಡುವವರು ಮಳೆಗಾಲದಲ್ಲಿ ನಿಜಕ್ಕೂ ಒದ್ದಾಡುತ್ತಾರೆ. ಆದರೆ ಹಿರಾವೊ ರಿಯಾಕ್ಷನ್ ನೀರಿಗೆ ಅಷ್ಟೊಂದು ಹೆದರುವುದಿಲ್ಲ. 2005ರಲ್ಲಿ ಗೂಸೆನ್ ಅವರ ಗುಂಪು ಇದೇ ಜೋಡಣೆಯನ್ನು ಈಥನಾಲ್‌ನಲ್ಲೇ ಮಾಡಿ ತೋರಿಸಿದೆ. ಆಲ್ಕೋಹಾಲ್ ತುಂಬಿದ ಫ್ಲಾಸ್ಕಿನಲ್ಲಿ ನಡೆಯುವ ರಿಯಾಕ್ಷನ್, ನೈಟ್ರೋಜನ್ ಕೆಳಗಿನ ಟೊಲ್ವೀನ್‌ನಲ್ಲಿ ನಾಲ್ಕು ಹನಿ ತೇವಕ್ಕೆ ಪೂರ್ತಿ ನಿಲ್ಲುವುದು ಹೇಗೆ?

ಇನ್ನೊಂದು ವಿಷಯ ನೋಟ್‌ಬುಕ್ಕಿನಲ್ಲೇ ಇತ್ತು. ಮಾರ್ಚಿಗೂ ಜುಲೈಗೂ ನಡುವೆ ಬದಲಾದದ್ದು ಹವೆ ಮಾತ್ರ ಅಲ್ಲ, ಬ್ರೋಮೈಡ್ ಕೂಡ. ಎರಡು ಬದಲಾವಣೆ ಒಟ್ಟಿಗೆ ಆದಾಗ ಕಿಟಕಿಯ ಹೊರಗೆ ಕಾಣುವುದನ್ನೇ ಮನಸ್ಸು ಹಿಡಿದುಕೊಳ್ಳುತ್ತದೆ. ಹಾಗಾಗಿ ನಾನು ಮೊದಲು ಹೇಳಿದ್ದು ಇಷ್ಟೇ: ಜೋರು ಮಳೆ ಇರುವ ಒಂದು ದಿನ, ಅದೇ ಬಾಟ್ಲಿಗಳಿಂದ, ಅಕ್ಕಪಕ್ಕದ ಎರಡು ಫ್ಲಾಸ್ಕಿನಲ್ಲಿ ಎರಡೂ ಬ್ರೋಮೈಡ್ ಹಾಕಿ ನೋಡಿ.

ಹಾಗೇ ಮಾಡಿದರು. ಅಸಿಟೋಫಿನೋನ್ ಫ್ಲಾಸ್ಕ್ ಮಾರ್ಚಿನಷ್ಟು ಚುರುಕಾಗಿ ಓಡಲಿಲ್ಲ, ಆದರೆ ಮುಗಿಯಿತು. ಅನಿಸೋಲ್ ಫ್ಲಾಸ್ಕ್ ಅರ್ಧಕ್ಕೂ ಬರುವ ಮೊದಲೇ ಕಪ್ಪಾಗಿ ನಿಂತಿತು. ಈ ಒಂದು ದಿನದ ಕೆಲಸದಿಂದ ಎರಡು ವಿಷಯ ಗೊತ್ತಾಯಿತು. ಮುಖ್ಯ ಅಡ್ಡಿ ಬ್ರೋಮೈಡ್‌ಗೆ ಸಂಬಂಧಿಸಿದ್ದು. ಆದರೂ ಹಳೆಯ ವಸ್ತು ಕೂಡ ನಿಧಾನವಾದದ್ದರಿಂದ ಬಾಟ್ಲಿಗಳಲ್ಲೂ ಏನೋ ಕೆಟ್ಟಿದೆ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಬೇಕಿತ್ತು.

ಫಾಸ್ಫರಸ್ ಹೇಳಿದ್ದು

ಕಾಂತಕ್ಷೇತ್ರದಲ್ಲಿ ಇಟ್ಟು ಪರಮಾಣುಗಳ ಸುತ್ತಲಿನ ಬಂಧಗಳನ್ನು ಓದುವ ಎನ್‌ಎಂಆರ್ ಯಂತ್ರ ಈ ಲ್ಯಾಬಿನಲ್ಲಿ ಇಲ್ಲ. ನಮ್ಮ ಕಡೆಯ ಬಹಳ ಕಾಲೇಜುಗಳಲ್ಲಿ ಇಲ್ಲ. ಸ್ಯಾಂಪಲ್ ಹೊರಗೆ ಕಳಿಸಬೇಕು, ಹಣ ಕಟ್ಟಬೇಕು, ಕಾಯಬೇಕು. ಅದಕ್ಕೇ ಹುಡುಗರು ಪೇಪರಿಗೆ ಬೇಕಾದ ಪ್ರೋಟಾನ್ ಮತ್ತು ಕಾರ್ಬನ್ ಎನ್‌ಎಂಆರ್ ಮಾತ್ರ ಕೇಳುತ್ತಾರೆ, ಅದೂ ಕೊನೆಯ ಶುದ್ಧ ವಸ್ತುವಿಗೆ. ಕೆಟ್ಟ ರಿಯಾಕ್ಷನ್‌ಗೆ ಹಣ ಖರ್ಚು ಮಾಡುವುದು ದಂಡ ಅನ್ನಿಸುತ್ತದೆ. ನನ್ನ ಅಭಿಪ್ರಾಯ ಪೂರ್ತಿ ಉಲ್ಟಾ. ಫಾಸ್ಫರಸ್ ಕೆಲಸದಲ್ಲಿ ಕೆಟ್ಟ ಮಿಶ್ರಣದ ಫಾಸ್ಫರಸ್ ಎನ್‌ಎಂಆರ್‌ನಷ್ಟು ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ.

ಯಾಕೆಂದರೆ ಪ್ರಕೃತಿಯಲ್ಲಿರುವ ಫಾಸ್ಫರಸ್ ಎಲ್ಲವೂ ಫಾಸ್ಫರಸ್-31. ಎಲ್ಲ ಪರಮಾಣುವೂ ಎನ್‌ಎಂಆರ್‌ಗೆ ಕಾಣುತ್ತದೆ. ಫ್ಲಾಸ್ಕಿನಲ್ಲಿ ಟೊಲ್ವೀನ್, ಅಮೀನ್ ಎಷ್ಟೇ ಇದ್ದರೂ ಅದು ಅಡ್ಡ ಬರುವುದಿಲ್ಲ. ಶುದ್ಧ ಮಾಡುವುದೂ ಬೇಡ. ಫ್ಲಾಸ್ಕಿನಿಂದ ಅರ್ಧ ಮಿಲಿ ತೆಗೆದು ಟ್ಯೂಬಿಗೆ ಹಾಕಿ, ಒಳಗೆ ಡ್ಯೂಟೀರಿಯಂ ದ್ರಾವಕ ತುಂಬಿ ಮುಚ್ಚಿದ ಒಂದು ತೆಳು ಕ್ಯಾಪಿಲರಿ ಇಳಿಸಿದರೆ ಸಾಕು. ಸ್ಪೆಕ್ಟ್ರಮ್‌ನಲ್ಲಿ ಒಂದೊಂದು ವಸ್ತುವಿನ ಗೆರೆಯೂ ಒಂದರಿಂದ ಒಂದು ಬಹಳ ದೂರ ಇರುತ್ತದೆ. ಪಿಪಿಎಂ ಅಳತೆಯಲ್ಲಿ ಟ್ರೈಫಿನೈಲ್ ಫಾಸ್ಫೀನ್ ಮೈನಸ್ 5ರ ಹತ್ತಿರ. ಅದರ ಆಕ್ಸೈಡ್ 29ರ ಹತ್ತಿರ. ಡೈಈಥೈಲ್ ಫಾಸ್ಫೈಟ್ 7ರ ಆಸುಪಾಸು. ನಮಗೆ ಬೇಕಾದ ಆರಿಲ್ ಫಾಸ್ಫೋನೇಟ್ 19ರ ಸುತ್ತ. ಯಾವುದು ಎಲ್ಲಿ ಹೋಯಿತು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಒಂದು ಮಾತು ಮಾತ್ರ ಫಾರಂನಲ್ಲಿ ಬರೆದು ಕಳಿಸಬೇಕು: ಪ್ರೋಟಾನ್ ಡಿಕಪಲ್ ಮಾಡದೆಯೂ, ಅಂದರೆ ಹೈಡ್ರೋಜನ್‌ನ ಪ್ರಭಾವ ಅಳಿಸದೆಯೂ, ಒಂದು ಸ್ಪೆಕ್ಟ್ರಮ್ ತೆಗೆಯಿರಿ ಎಂದು. ಸುಮ್ನೆ ಕೊಟ್ಟರೆ ಡಿಕಪಲ್ ಮಾಡಿಯೇ ಕೊಡುತ್ತಾರೆ. ಡಿಕಪಲ್ ಮಾಡದಿದ್ದರೆ ಹೈಡ್ರೋಜನ್ ನೇರವಾಗಿ ಅಂಟಿದ ಫಾಸ್ಫರಸ್ ಎರಡು ಗೆರೆಯಾಗಿ ಒಡೆಯುತ್ತದೆ, ನಡುವೆ ಸುಮಾರು 690 ಹರ್ಟ್ಸ್ ಅಂತರ. ಅಷ್ಟು ದೊಡ್ಡ ಅಂತರವನ್ನು ಬೇರೆ ಯಾವುದರ ಜೊತೆಗೂ ಗೊಂದಲ ಮಾಡಿಕೊಳ್ಳಲು ಆಗದು. ಫಾಸ್ಫರಸ್ ಇನ್ನೂ ಹೈಡ್ರೋಜನ್ ಹಿಡಿದುಕೊಂಡಿದೆಯೋ, ಅದನ್ನು ಬಿಟ್ಟು ಕಾರ್ಬನ್ ಹಿಡಿಯಿತೋ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಾ?

ಎರಡು ಸ್ಯಾಂಪಲ್ ಹೋದವು: ಫಾಸ್ಫೈಟ್ ಬಾಟ್ಲಿಯದ್ದು ಮತ್ತು ನಿಂತುಹೋದ ಅನಿಸೋಲ್ ಫ್ಲಾಸ್ಕಿನದ್ದು.

ಬಾಟ್ಲಿಯ ಸ್ಪೆಕ್ಟ್ರಮ್‌ನಲ್ಲಿ ಡೈಈಥೈಲ್ ಫಾಸ್ಫೈಟ್‌ನ ಜೋಡಿ ಗೆರೆಯ ಪಕ್ಕ ಇನ್ನೊಂದು ಜೋಡಿ ಗೆರೆ ಇತ್ತು. ಅದರ ಅಂತರವೂ 600 ಹರ್ಟ್ಸ್‌ಗಿಂತ ಜಾಸ್ತಿ, ಅಂದರೆ ಅದಕ್ಕೂ ಹೈಡ್ರೋಜನ್ ಇದೆ. ಅದು ನೀರು ತಾಗಿ ಒಂದು ಈಥೈಲ್ ಕಳೆದುಕೊಂಡ ಮಾನೋಎಸ್ಟರ್. ಮಳೆ ಒಳಗೆ ಬಂದ ದಾರಿ ಇದು. ಫ್ಲಾಸ್ಕಿಗೆ ಬಂದಿರಲಿಲ್ಲ, ಬಾಟ್ಲಿಗೆ ಬಂದಿತ್ತು. ಜೂನಿನಿಂದ ದಿನವೂ ಮುಚ್ಚಳ ತೆರೆದು ಮುಚ್ಚಿ ಮಾಡಿದ್ದರಿಂದ ಸ್ವಲ್ಪ ಸ್ವಲ್ಪವೇ ಸೇರಿತ್ತು. ಮಾನೋಎಸ್ಟರ್ ಒಂದು ಆಸಿಡ್. ಹಾಕಿದ ಟ್ರೈಈಥೈಲ್ ಅಮೀನ್‌ನಲ್ಲಿ ಒಂದು ಪಾಲನ್ನು ಅದು ಉಪ್ಪು ಮಾಡಿ ತಿಂದುಹಾಕುತ್ತದೆ. ಹಳೆಯ ವಸ್ತು ನಿಧಾನವಾದದ್ದಕ್ಕೆ ಇದು ಒಪ್ಪುವ ಕಾರಣ.

ಟೆಟ್ರಾಕಿಸ್ ಬಾಟ್ಲಿಯ ಕಥೆಯೂ ಹೀಗೇ. ಒಳ್ಳೆಯ ಟೆಟ್ರಾಕಿಸ್ ನಿಂಬೆಹಳದಿ ಬಣ್ಣದ ಪುಡಿ. ಇವರದ್ದು ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ಫ್ಲಾಸ್ಕಿನ ಸ್ಪೆಕ್ಟ್ರಮ್‌ನಲ್ಲಿ 29ರ ಹತ್ತಿರ ಟ್ರೈಫಿನೈಲ್ ಫಾಸ್ಫೀನ್ ಆಕ್ಸೈಡ್ ಎದ್ದು ನಿಂತಿತ್ತು. ಬಾಟ್ಲಿಯನ್ನು ಫ್ರಿಜ್‌ನಲ್ಲೇ ಇಡುತ್ತಿದ್ದರು, ಅದು ಸರಿ. ಆದರೆ ತೆಗೆದ ಕೂಡಲೇ ಮುಚ್ಚಳ ಬಿಚ್ಚುತ್ತಿದ್ದರು. ಕರಾವಳಿಯ ಜುಲೈಯಲ್ಲಿ ತಣ್ಣನೆಯ ಬಾಟ್ಲಿ ಬಿಚ್ಚಿದರೆ ಒಳಗಿನ ಪುಡಿಯ ಮೇಲೇ ನೀರು ಕೂರುತ್ತದೆ, ಗಾಳಿಯೂ ಸೇರುತ್ತದೆ. ರೂಮಿನ ಬಿಸಿಗೆ ಬರುವವರೆಗೆ ಮುಚ್ಚಳ ಮುಟ್ಟಬಾರದು. ಬೆಂಗಳೂರಿನ ಚಳಿಗಾಲದ ಲ್ಯಾಬಿನಲ್ಲಿ ಈ ನಿಯಮ ಮರೆತರೂ ನಡೆದೀತು. ಇಲ್ಲಿ ನಡೆಯುವುದಿಲ್ಲ.

ಇದೆಲ್ಲ ಬಾಟ್ಲಿಯ ವಿಷಯ. ಫಾಸ್ಫೈಟನ್ನು ವ್ಯಾಕ್ಯೂಮ್ ಕೆಳಗೆ ಬಟ್ಟಿ ಇಳಿಸಿದರು. 2 ಮಿಲಿಮೀಟರ್ ಒತ್ತಡದಲ್ಲಿ ಅದು 50 ಡಿಗ್ರಿ ಆಸುಪಾಸಿನಲ್ಲಿ ಬರುತ್ತದೆ. ಹೊಸ ಟೆಟ್ರಾಕಿಸ್ ತರಿಸಿದರು. ಅಸಿಟೋಫಿನೋನ್ ಮಾರ್ಚಿನ ಚುರುಕಿಗೆ ಮರಳಿತು, ಹೊರಗೆ ಮಳೆ ಹೊಯ್ಯುತ್ತಿದ್ದಾಗಲೇ. ಅನಿಸೋಲ್ ಸ್ವಲ್ಪ ಸುಧಾರಿಸಿತು, ಮತ್ತೆ ನಿಂತಿತು.

214 ಎಲ್ಲಿಂದ ಬಂತು

ನನಗೆ ಈ ಪ್ರಕರಣದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ನಿಂತ ಫ್ಲಾಸ್ಕಿನ ಸ್ಪೆಕ್ಟ್ರಮ್‌ನಲ್ಲಿ 19ರ ಸುತ್ತ ಒಂದು ಗೆರೆ ಇರಬೇಕಿತ್ತು. ಹಿಗ್ಗಿಸಿ ನೋಡಿದರೆ ಎರಡು ಇದ್ದವು, ಒಂದರ ಪಕ್ಕ ಒಂದು. ಡಿಕಪಲ್ ಮಾಡದ ಸ್ಪೆಕ್ಟ್ರಮ್‌ನಲ್ಲಿ ಎರಡರಲ್ಲೂ ಆ ದೊಡ್ಡ ಅಂತರ ಇಲ್ಲ. ಎರಡೂ ಕಾರ್ಬನ್ ಹಿಡಿದ ಫಾಸ್ಫರಸ್ಸೇ. ಅಂದರೆ ಒಂದು ಫ್ಲಾಸ್ಕಿನಲ್ಲಿ ಎರಡು ಆರಿಲ್ ಫಾಸ್ಫೋನೇಟ್. ಹಾಕಿದ್ದು ಒಂದೇ ಬ್ರೋಮೈಡ್. ಎರಡನೆಯದು ಎಲ್ಲಿಂದ?

ವಿದ್ಯಾರ್ಥಿನಿ ಜಿಸಿ-ಎಂಎಸ್ ಮಾಡಿಸಿದರು, ಮಿಶ್ರಣದ ವಸ್ತುಗಳನ್ನು ಬಿಡಿಸಿ ಒಂದೊಂದರ ಅಣುತೂಕ ಹೇಳುವ ಪರೀಕ್ಷೆ ಅದು. ನಿರೀಕ್ಷೆಯಂತೆ 244 ಇತ್ತು, ಅದು ಮೆಥಾಕ್ಸಿಫಿನೈಲ್ ಫಾಸ್ಫೋನೇಟ್. ಉಳಿದ ಬ್ರೋಮೋಅನಿಸೋಲ್ 186 ಮತ್ತು 188ರ ಸಮ ಎತ್ತರದ ಜೋಡಿಯಾಗಿ ಕಂಡಿತು. ಜೊತೆಗೆ 214. ಅದು 244ಕ್ಕಿಂತ 30 ಕಡಿಮೆ, ಅಂದರೆ ಮೆಥಾಕ್ಸಿ ಗುಂಪಿನ ಜಾಗದಲ್ಲಿ ಬರೀ ಹೈಡ್ರೋಜನ್. "ಮೆಥಾಕ್ಸಿ ಬಿದ್ದುಹೋಗಿರಬೇಕು ಸರ್" ಅಂದರು ಅವರು. 90 ಡಿಗ್ರಿಯ ಟೊಲ್ವೀನ್, ಅಮೀನ್ ಇರುವಲ್ಲಿ ಮೆಥಾಕ್ಸಿ ಹಾಗೆ ಬೀಳುವುದಿಲ್ಲ. ಪಟ್ಟಿಯಲ್ಲಿ ಇನ್ನೂ ಕೆಳಗೆ ನೋಡಿ ಅಂದೆ. 278 ಇತ್ತು, ಟ್ರೈಫಿನೈಲ್ ಫಾಸ್ಫೀನ್ ಆಕ್ಸೈಡ್. ಅದರಿಂದ ಸರಿಯಾಗಿ 30 ಮುಂದೆ, 308 ಕೂಡ ಇತ್ತು.

ಅಷ್ಟು ನೋಡಿದ ಮೇಲೆ ಅವರಿಗೇ ಹೊಳೆಯಿತು. ಫಾಸ್ಫೋನೇಟ್ ಕಳೆದುಕೊಂಡ 30 ಇಲ್ಲಿ ಫಾಸ್ಫೀನ್‌ಗೆ ಬಂದಿದೆ. ಮೆಥಾಕ್ಸಿ ಬಿದ್ದಿಲ್ಲ. ಇಡೀ ಉಂಗುರವೇ ಜಾಗ ಬದಲಿಸಿದೆ. ಪಲ್ಲಾಡಿಯಂ ಮೇಲೆ ಕೂತ ಮೆಥಾಕ್ಸಿಫಿನೈಲ್ ಪಕ್ಕದ ಟ್ರೈಫಿನೈಲ್ ಫಾಸ್ಫೀನ್‌ಗೆ ಹೋಗಿದೆ, ಫಾಸ್ಫೀನ್‌ನ ಒಂದು ಫಿನೈಲ್ ಪಲ್ಲಾಡಿಯಂಗೆ ಬಂದಿದೆ. ಆಮೇಲೆ ಆ ಫಿನೈಲ್ ನಮ್ಮ ಫಾಸ್ಫೈಟ್ ಜೊತೆ ಸೇರಿ 214 ಆಗಿದೆ. ಪಲ್ಲಾಡಿಯಂಗೂ ಫಾಸ್ಫೀನ್‌ಗೂ ನಡುವೆ ಇಂಥ ಉಂಗುರ ಬದಲಾವಣೆ ನಡೆಯುವುದನ್ನು 1991ರಲ್ಲಿ ಕೋಂಗ್ ಮತ್ತು ಚೆಂಗ್ ವಿವರವಾಗಿ ತೋರಿಸಿದ್ದಾರೆ. ಎಲೆಕ್ಟ್ರಾನ್ ಕೊಡುವ ಗುಂಪು ಇರುವ ಉಂಗುರಗಳಲ್ಲಿ ಅದು ಬೇಗ ಆಗುತ್ತದೆ. ಮೆಥಾಕ್ಸಿ ಅಂಥ ಗುಂಪು. ಅಸಿಟೈಲ್ ಅದಕ್ಕೆ ವಿರುದ್ಧ, ಎಲೆಕ್ಟ್ರಾನ್ ಎಳೆದುಕೊಳ್ಳುತ್ತದೆ. ಮಾರ್ಚಿನಲ್ಲಿ ತೊಂದರೆ ಕಾಣದೆ ಇದ್ದದ್ದು ಇದಕ್ಕೇ.

ಕಾರ್ಬನ್ ಮತ್ತು ಫಾಸ್ಫರಸ್ ನಡುವಿನ ಬಂಧ ಮಾಡಲು ಹೊರಟ ಲೋಹ, ತನ್ನದೇ ಲಿಗ್ಯಾಂಡಿನ (ಲೋಹಕ್ಕೆ ಅಂಟಿ ಅದನ್ನು ಹಿಡಿದಿಡುವ ಅಣು) ಅಂಥದೇ ಬಂಧವನ್ನು ಒಡೆಯುತ್ತಿತ್ತು. ಟ್ರೈಫಿನೈಲ್ ಫಾಸ್ಫೀನ್ ಒಂದು ನಿರ್ಜೀವ ಆಸರೆ ಎಂದು ನಾವು ಪಾಠ ಮಾಡುತ್ತೇವೆ. ಅದು ಹಾಗಲ್ಲ. ಅದರೊಳಗೂ ಮೂರು ಫಾಸ್ಫರಸ್–ಕಾರ್ಬನ್ ಬಂಧ ಇವೆ, ಅವೂ ಆಟಕ್ಕೆ ಇಳಿಯಬಹುದು.

ಫಾಸ್ಫೈಟ್ ಕೂಡ ಲಿಗ್ಯಾಂಡೇ

214 ಕಲಬೆರಕೆಯನ್ನು ವಿವರಿಸಿತು. ನಿಂತುಹೋಗುವುದನ್ನು ಪೂರ್ತಿ ವಿವರಿಸಲಿಲ್ಲ. ಅದಕ್ಕೆ ರಿಯಾಕ್ಷನ್‌ನ ಮೂರು ಮೆಟ್ಟಿಲು ನೋಡಬೇಕು.

ಮೊದಲು ಪಲ್ಲಾಡಿಯಂ ಕಾರ್ಬನ್ ಮತ್ತು ಬ್ರೋಮಿನ್ ನಡುವೆ ನುಗ್ಗುತ್ತದೆ. ಆಮೇಲೆ ಬ್ರೋಮೈಡ್ ಹೋಗಿ ಅದರ ಜಾಗಕ್ಕೆ ಫಾಸ್ಫೈಟ್ ಬರುತ್ತದೆ, ಅದರ ಹೈಡ್ರೋಜನನ್ನು ಅಮೀನ್ ತೆಗೆದುಕೊಳ್ಳುತ್ತದೆ. ಕೊನೆಗೆ ಕಾರ್ಬನ್ ಮತ್ತು ಫಾಸ್ಫರಸ್ ಜೋಡಿಯಾಗಿ ಲೋಹದಿಂದ ಕಳಚಿಕೊಳ್ಳುತ್ತವೆ. ಎಲೆಕ್ಟ್ರಾನ್ ತುಂಬಿದ ಅನಿಸೋಲ್‌ನಂಥ ಉಂಗುರಕ್ಕೆ ಮೊದಲ ಮೆಟ್ಟಿಲೇ ಕಷ್ಟ. ಅದಕ್ಕೆ ಸಮಯ ಬೇಕು, ಲೋಹದ ಮೇಲೆ ಖಾಲಿ ಜಾಗ ಬೇಕು.

ಆ ಜಾಗವನ್ನು ಹಿಡಿಯುವುದು ಯಾರು? ಡೈಈಥೈಲ್ ಫಾಸ್ಫೈಟ್‌ನ ಅಣು ಎರಡು ರೂಪದಲ್ಲಿ ಇರಬಲ್ಲದು. ಹೆಚ್ಚಿನ ಪಾಲು ಹೈಡ್ರೋಜನ್ ಫಾಸ್ಫರಸ್ ಮೇಲೆ ಇರುವ ರೂಪ. ತೀರ ಸಣ್ಣ ಪಾಲಿನಲ್ಲಿ ಹೈಡ್ರೋಜನ್ ಆಕ್ಸಿಜನ್ ಮೇಲೆ ಹೋಗಿ ಫಾಸ್ಫರಸ್ ಒಂಟಿ ಜೋಡಿ ಎಲೆಕ್ಟ್ರಾನ್ ಬಿಚ್ಚಿಟ್ಟುಕೊಂಡಿರುತ್ತದೆ. ಈ ಎರಡನೆಯ ರೂಪ ಪಲ್ಲಾಡಿಯಂಗೆ ಅಂಟಿಕೊಳ್ಳುತ್ತದೆ. ಅಂಟಿದಷ್ಟೂ ಉಳಿದದ್ದು ಆ ರೂಪಕ್ಕೆ ತಿರುಗುತ್ತದೆ. ಇಂಗಾಲ–ಇಂಗಾಲ ಜೋಡಣೆಯ ಸುಜುಕಿ ರಿಯಾಕ್ಷನ್‌ನಲ್ಲಿ ಈ ತಲೆನೋವು ಇಲ್ಲ. ಅಲ್ಲಿ ಬರುವ ಬೋರಾನಿಕ್ ಆಸಿಡ್ ಲೋಹವನ್ನು ಹೀಗೆ ಹಿಡಿದು ಕೂರುವುದಿಲ್ಲ. ಇಲ್ಲಿ ಕಚ್ಚಾವಸ್ತುವೇ ಲಿಗ್ಯಾಂಡ್. ಸಿಟಿ ಬಸ್ಸಿನ ಬಾಗಿಲಲ್ಲೇ ಜನ ತುಂಬಿ ನಿಂತರೆ ಹತ್ತುವವರಿಗೂ ಜಾಗ ಇಲ್ಲ, ಇಳಿಯುವವರಿಗೂ ಇಲ್ಲ ಅಲ್ವಾ, ಶುರುವಿನಲ್ಲೇ ಸುರಿದ ಪೂರ್ತಿ ಫಾಸ್ಫೈಟ್ ನಿಧಾನದ ಬ್ರೋಮೈಡ್‌ಗೆ ಅದನ್ನೇ ಮಾಡುತ್ತದೆ. ಚುರುಕಾದ ಅಸಿಟೋಫಿನೋನ್ ಆ ನೂಕುನುಗ್ಗಲಲ್ಲೂ ತೂರಿಕೊಂಡು ಹೋಗುತ್ತದೆ. ಅನಿಸೋಲ್ ಹೊರಗೇ ನಿಲ್ಲುತ್ತದೆ, ಅಷ್ಟರಲ್ಲಿ ಟ್ರೈಫಿನೈಲ್ ಫಾಸ್ಫೀನ್ ಕಳೆದುಕೊಂಡ ಪಲ್ಲಾಡಿಯಂ ಒಂದಕ್ಕೊಂದು ಅಂಟಿ ಕಪ್ಪು ಪುಡಿಯಾಗುತ್ತದೆ.

ಕ್ಯಾಟಲಿಸ್ಟ್ ಜಾಸ್ತಿ ಹಾಕಿದರೂ ಪ್ರಯೋಜನ ಆಗದೆ ಇದ್ದದ್ದು ಹೀಗೆ. ಜಾಸ್ತಿ ಟೆಟ್ರಾಕಿಸ್ ಎಂದರೆ ಜಾಸ್ತಿ ಟ್ರೈಫಿನೈಲ್ ಫಾಸ್ಫೀನ್. ಉಂಗುರ ಬದಲಾವಣೆಗೆ ಇನ್ನಷ್ಟು ಫಿನೈಲ್.

ಏನು ಬದಲಿಸಿದರು

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ ಎಂದು ಗೈಡ್ ಮೇಡಂ ಪಟ್ಟು ಹಿಡಿದರು. ಅವರ ಪಟ್ಟು ಸರಿ ಇತ್ತು.

ಮೊದಲು ಲಿಗ್ಯಾಂಡ್. ಟೆಟ್ರಾಕಿಸ್ ಬಿಟ್ಟು ಪಲ್ಲಾಡಿಯಂ ಅಸಿಟೇಟ್ ಮತ್ತು ಡಿಪಿಪಿಎಫ್ ತೆಗೆದುಕೊಂಡರು. ಡಿಪಿಪಿಎಫ್ ಎಂದರೆ ಫೆರೋಸೀನ್‌ನ ಎರಡು ಬದಿಯಲ್ಲಿ ಎರಡು ಫಾಸ್ಫೀನ್. ಪಲ್ಲಾಡಿಯಮನ್ನು ಎರಡು ಕೈಯಲ್ಲಿ ಹಿಡಿಯುತ್ತದೆ, ಆದ್ದರಿಂದ ಫಾಸ್ಫೈಟ್ ಅದನ್ನು ಸುಲಭಕ್ಕೆ ತಳ್ಳಲಾರದು. ಫಿನೈಲ್ ಉಂಗುರ ಇದರಲ್ಲೂ ಇವೆ, ಆದರೆ ಫ್ಲಾಸ್ಕಿನಲ್ಲಿ ಇರುವ ಒಟ್ಟು ಫಾಸ್ಫೀನ್ ಬಹಳ ಕಡಿಮೆ. ಎರಡೂ ಕೈಗಳ ನಡುವಿನ ಕೋನ ಅಗಲ ಇರುವುದರಿಂದ ಕೊನೆಯ ಮೆಟ್ಟಿಲು, ಅಂದರೆ ಕಾರ್ಬನ್–ಫಾಸ್ಫರಸ್ ಕಳಚಿಕೊಳ್ಳುವುದು, ಬೇಗ ಆಗುತ್ತದೆ. ಈ ಕೋನ ಇನ್ನೂ ಅಗಲವಿರುವ ಲಿಗ್ಯಾಂಡ್ ಜಾಂಟ್‌ಫಾಸ್, ಸುಮಾರು 110 ಡಿಗ್ರಿ. ಶ್ವಾಸಕೋಶದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕ ಬ್ರಿಗಾಟಿನಿಬ್ ಮಾತ್ರೆಯಲ್ಲಿ ಒಂದು ಡೈಮೀಥೈಲ್ ಫಾಸ್ಫೀನ್ ಆಕ್ಸೈಡ್ ಇದೆ. ಆ ತುಂಡನ್ನು 2-ಅಯೋಡೋಅನಿಲೀನ್‌ಗೆ ಜೋಡಿಸಲು ಪಲ್ಲಾಡಿಯಂ ಅಸಿಟೇಟ್ ಮತ್ತು ಜಾಂಟ್‌ಫಾಸ್ ಬಳಸಿದ್ದಾರೆ. ಪುಸ್ತಕದ ಮೂಲೆಯಲ್ಲಿ ಕೂತಿದ್ದ ಈ ರಸಾಯನ ಒಂದು ಔಷಧದ ಬೆನ್ನೆಲುಬಾಯಿತಲ್ಲ, ಅದು ನನಗೆ ಖುಷಿ ಕೊಡುವ ವಿಷಯ.

ಪಲ್ಲಾಡಿಯಂ ಅಸಿಟೇಟ್ ಮತ್ತು ಡಿಪಿಪಿಎಫ್ ಎರಡೂ ನಮ್ಮ ಹವೆಗೆ ಒಗ್ಗುವ ಪುಡಿಗಳು, ಟೆಟ್ರಾಕಿಸ್‌ನಂತೆ ಫ್ರಿಜ್‌ನಲ್ಲಿ ಕಾಪಾಡಬೇಕಿಲ್ಲ. ಶೇ 2 ಮೋಲ್ ಪಲ್ಲಾಡಿಯಂ ಅಸಿಟೇಟ್ ಅಂದರೆ 45 ಮಿಲಿಗ್ರಾಂ. ಜೊತೆಗೆ ಬರುವ ಅಸಿಟೇಟ್ ಕೂಡ ಸುಮ್ಮನೆ ಕೂರುವುದಿಲ್ಲ. ಅಸಿಟೇಟ್ ಅಯಾನು ಇದ್ದರೆ ಎರಡನೆಯ ಮೆಟ್ಟಿಲು ಬೇಗ ಆಗುತ್ತದೆ ಎಂದು ಸ್ಟಾಕ್‌ಹೋಮ್‌ನ ಸ್ಟಾವಿನ್‌ಸ್ಕಿ ಗುಂಪು ಅಳೆದು ತೋರಿಸಿದೆ.

ಲಿಗ್ಯಾಂಡ್ ಬದಲಿಸಿದ ಮೇಲೆ 214 ಜಿಸಿಯಲ್ಲಿ ಸಣ್ಣ ಗುರುತಿಗೆ ಇಳಿಯಿತು. ರಿಯಾಕ್ಷನ್ ಅರ್ಧ ದಾಟಿತು. ಇನ್ನೂ ಮುಗಿಯುತ್ತಿರಲಿಲ್ಲ.

ಎರಡನೆಯದು ಫಾಸ್ಫೈಟ್ ಹಾಕುವ ರೀತಿ. ಬಟ್ಟಿ ಇಳಿಸಿದ ಫಾಸ್ಫೈಟನ್ನು ಟೊಲ್ವೀನ್‌ನಲ್ಲಿ ಬೆರೆಸಿ, ಡ್ರಾಪಿಂಗ್ ಫನೆಲ್‌ನಿಂದ ಎರಡು ಗಂಟೆಯ ಕಾಲ ಹನಿ ಹನಿಯಾಗಿ ಬಿಟ್ಟರು. ಉಳಿದದ್ದೆಲ್ಲ ಹಿಂದಿನಂತೆಯೇ, 90 ಡಿಗ್ರಿ. ಬ್ರೋಮೈಡ್ ಮುಗಿಯಿತು. ದ್ರಾವಣ ಕಿತ್ತಳೆ ಬಣ್ಣದಲ್ಲೇ ಉಳಿಯಿತು, ಕಪ್ಪಾಗಲಿಲ್ಲ. ಫಾಸ್ಫರಸ್ ಎನ್‌ಎಂಆರ್‌ನಲ್ಲಿ 19ರ ಸುತ್ತ ಒಂದೇ ಗೆರೆ. ಕಾರ್ಬನ್ ಎನ್‌ಎಂಆರ್‌ನಲ್ಲಿ ಫಾಸ್ಫರಸ್ ಹಿಡಿದ ಕಾರ್ಬನ್ ಸುಮಾರು 190 ಹರ್ಟ್ಸ್ ಅಂತರದ ಜೋಡಿ ಗೆರೆಯಾಗಿ ಬಂತು, ನೇರ ಬಂಧ ಆಗಿದೆ ಎನ್ನುವುದಕ್ಕೆ ಮುದ್ರೆ ಅದು.

ಒಂದು ಅನುಕೂಲ ಯಾರೂ ಎಣಿಸದೆ ಬಂತು. ವಸ್ತುವನ್ನು ಶುದ್ಧ ಮಾಡುವ ಸಿಲಿಕಾ ಕಾಲಮ್ಮಿನಲ್ಲಿ ಟ್ರೈಫಿನೈಲ್ ಫಾಸ್ಫೀನ್ ಆಕ್ಸೈಡ್ ಫಾಸ್ಫೋನೇಟ್ ಜೊತೆಗೇ ಇಳಿಯುವ ಕಾಟದ ವಸ್ತು. ಈಗ ಅದೇ ಇಲ್ಲದ್ದರಿಂದ ಕಾಲಮ್ ಕೆಲಸ ಬೇಗ ಮುಗಿಯುತ್ತದೆ, ಈಥೈಲ್ ಅಸಿಟೇಟ್ ಖರ್ಚೂ ಕಡಿಮೆ.

ಪಲ್ಲಾಡಿಯಮನ್ನು ಬಿಡಿಸುವುದು

ಔಷಧ ಆಗಿದ್ದರೆ ಉಳಿದ ಪಲ್ಲಾಡಿಯಂಗೆ ಕಟ್ಟುನಿಟ್ಟಿನ ಮಿತಿ ಇದೆ, ಬಾಯಿಯಿಂದ ತೆಗೆದುಕೊಳ್ಳುವ ಮದ್ದಿಗೆ ದಿನಕ್ಕೆ 100 ಮೈಕ್ರೋಗ್ರಾಂ. ಇದು ಉಕ್ಕಿಗೆ ಬಳಿಯುವ ವಸ್ತು, ಹಾಗಾಗಿ ಚಿಂತೆ ಇಲ್ಲ ಎಂದು ಲ್ಯಾಬಿನವರು ಅಂದುಕೊಂಡಿದ್ದರು. ನಾನು ಒಪ್ಪಲಿಲ್ಲ. ಪಲ್ಲಾಡಿಯಂ ಉಕ್ಕಿಗಿಂತ ಬಹಳ ಜಡ ಲೋಹ. ಅದರ ಕಣಗಳು ಉಕ್ಕಿನ ಮೇಲೆ ಕೂತು, ಮೇಲೆ ಉಪ್ಪುನೀರು ಬಿದ್ದರೆ ಅಲ್ಲೇ ಬ್ಯಾಟರಿಯಂಥ ಸಣ್ಣ ಸೆಲ್ ಆಗುತ್ತದೆ, ಕಬ್ಬಿಣ ಕರಗುತ್ತದೆ. ತುಕ್ಕು ತಡೆಯುವ ಬಣ್ಣದೊಳಗೇ ತುಕ್ಕಿನ ಬೀಜ ಇಟ್ಟಂತೆ. ಫಾಸ್ಫೋನಿಕ್ ಆಸಿಡ್ ಲೋಹಗಳನ್ನು ಹಿಡಿದುಕೊಳ್ಳುವ ಜಾತಿಯದ್ದಾದ್ದರಿಂದ ಆ ಹಂತಕ್ಕೆ ಹೋದ ಮೇಲೆ ಪಲ್ಲಾಡಿಯಂ ತೆಗೆಯುವುದು ಇನ್ನೂ ಕಷ್ಟ.

ಹಾಗಾಗಿ ಎಸ್ಟರ್ ಹಂತದಲ್ಲೇ ಸೆಲೈಟ್ ಎಂಬ ಸೋಸುಪುಡಿಯ ಮೂಲಕ ಸೋಸಿ, ಪಲ್ಲಾಡಿಯಂ ಹಿಡಿದುಕೊಳ್ಳುವ ಥಯಾಲ್ ಅಂಟಿಸಿದ ಸಿಲಿಕಾ ಜೊತೆ ಕಲಕಿ, ಆಮೇಲೆ ಕಾಲಮ್ ಮಾಡುತ್ತಾರೆ. ಆಸಿಡ್ ಮಾಡಲು ಬ್ರೋಮೋಟ್ರೈಮೀಥೈಲ್ ಸಿಲೇನ್, ನಂತರ ಮೆಥನಾಲ್. 1977ರ ಮೆಕೆನ್ನಾ ವಿಧಾನ. ರೂಮಿನ ಬಿಸಿಯಲ್ಲೇ ಆಗುತ್ತದೆ, ಮೆಥಾಕ್ಸಿ ಗುಂಪಿಗೆ ಏನೂ ಆಗುವುದಿಲ್ಲ. ಈ ಹಂತಕ್ಕೆ ಮಾತ್ರ ಮಳೆಗಾಲದಲ್ಲಿ ನಿಜಕ್ಕೂ ಎಚ್ಚರ ಬೇಕು, ಆ ಸಿಲೇನ್ ತೇವದ ಗಾಳಿ ಕಂಡ ಕೂಡಲೇ ಹೊಗೆಯಾಡುತ್ತದೆ.

ನಿಕ್ಕೆಲ್, ತಾಮ್ರ ಯಾಕೆ ಬೇಡವಾಯಿತು

ಹಣದ ಲೆಕ್ಕ ನೋಡಿದವರು ಇದನ್ನು ಕೇಳಿಯೇ ಕೇಳುತ್ತಾರೆ. ತಾಮ್ರದ ದಾರಿ ಇದೆ. 2003ರಲ್ಲಿ ಬುಕ್‌ವಾಲ್ಡ್ ಗುಂಪು ಕಾಪರ್ ಅಯೋಡೈಡ್ ಮತ್ತು ಒಂದು ಸರಳ ಡೈಅಮೀನ್ ಬಳಸಿ ಮಾಡಿತು. ಆದರೆ ಅದಕ್ಕೆ ಹೆಚ್ಚಾಗಿ ಅಯೋಡೈಡ್ ಬೇಕು, ಇವರ ಬಳಿ ಇದ್ದದ್ದು ಬ್ರೋಮೈಡ್‌ಗಳು. ಟಾವ್ಸ್‌ನ ನಿಕ್ಕೆಲ್ ವಿಧಾನದಲ್ಲಿ 160 ಡಿಗ್ರಿಯಲ್ಲಿ ಟ್ರೈಈಥೈಲ್ ಫಾಸ್ಫೈಟ್ ಕುದಿಸಬೇಕು. ಅದರ ವಾಸನೆ ಒಮ್ಮೆ ಹಿಡಿದರೆ ಬಟ್ಟೆ ಬಿಡುವುದಿಲ್ಲ, ಮಳೆಗೆ ಕಿಟಕಿ ಮುಚ್ಚಿದ, ಹಳೆಯ ಫ್ಯೂಮ್ ಹುಡ್ ಇರುವ ಲ್ಯಾಬಿಗೆ ಅದು ತಕ್ಕದ್ದಲ್ಲ. ಗ್ರಾಂ ಲೆಕ್ಕ ದಾಟಿ ಕಿಲೋ ಲೆಕ್ಕಕ್ಕೆ ಹೋಗುವ ದಿನ ಬಂದರೆ ನಾನು ನಿಕ್ಕೆಲ್ ಪರವೇ ಮಾತಾಡುತ್ತೇನೆ. ಎಡಗೈ-ಬಲಗೈಯಂತೆ ಒಂದಕ್ಕೊಂದು ಕನ್ನಡಿ ಪ್ರತಿಬಿಂಬವಾದ ಎರಡು ರೂಪಗಳಲ್ಲಿ ಬರುವ ಫಾಸ್ಫೀನ್‌ಗಳಲ್ಲಿ ಹೆಸರಾದ ಬಿನಾಪ್‌ ಅನ್ನು 1994ರಲ್ಲಿ ಮರ್ಕ್‌ನವರು ಬೈನಾಫ್ಥಾಲ್‌ನ ಟ್ರೈಫ್ಲೇಟ್ ಮತ್ತು ಡೈಫಿನೈಲ್ ಫಾಸ್ಫೀನ್‌ನಿಂದ ನಿಕ್ಕೆಲ್ ಬಳಸಿಯೇ ಮಾಡಿದ್ದರು. ಅಗ್ಗದ ಲೋಹಕ್ಕೆ ಕಷ್ಟದ ಕೆಲಸ ಆಗದು ಎನ್ನುವಂತಿಲ್ಲ.

ಸದ್ಯದ ಸ್ಥಿತಿ ಹೀಗಿದೆ. ಅಸಿಟೈಲ್ ಮತ್ತು ಮೆಥಾಕ್ಸಿ, ಎರಡೂ ಆಸಿಡ್‌ಗಳು ಸಿದ್ಧವಾಗಿವೆ. ಉಕ್ಕಿನ ತುಂಡುಗಳ ಮೇಲೆ ಬಳಿದು ಉಪ್ಪುನೀರಿನಲ್ಲಿ ಅಳೆಯುವ ಕೆಲಸ ಶುರುವಾಗಿದೆ. ಡೈಈಥೈಲ್ ಫಾಸ್ಫೈಟ್ ಈಗ ಸಣ್ಣ ಸಣ್ಣ ವಯಲ್‌ಗಳಲ್ಲಿ, ನೈಟ್ರೋಜನ್ ಕೆಳಗೆ ಇದೆ. ಒಂದು ತೆರೆದರೆ ಅದನ್ನು ಮುಗಿಸುತ್ತಾರೆ. ಕೆಟ್ಟ ಫ್ಲಾಸ್ಕಿನ ಫಾಸ್ಫರಸ್ ಎನ್‌ಎಂಆರ್‌ಗೆ ಗ್ರಾಂಟಿನಲ್ಲಿ ಸ್ವಲ್ಪ ಹಣವನ್ನು ಮೇಡಂ ಬೇರೆಯೇ ತೆಗೆದಿಟ್ಟಿದ್ದಾರೆ. ವಿದ್ಯಾರ್ಥಿನಿಯ ಮುಂದಿನ ವಸ್ತು 2-ಬ್ರೋಮೋಅನಿಸೋಲ್, ಇದರಲ್ಲಿ ಮೆಥಾಕ್ಸಿ ಬ್ರೋಮಿನ್‌ನ ಪಕ್ಕದಲ್ಲೇ ಕೂತು ದಾರಿ ಅಡ್ಡಗಟ್ಟುತ್ತದೆ. ಅದಕ್ಕೆ ಡಿಪಿಪಿಎಫ್ ಸಾಕಾಗದೆ ಜಾಂಟ್‌ಫಾಸ್ ಬೇಕಾಗಬಹುದು ಎಂದು ನನ್ನ ಅಂದಾಜು. ಎರಡನ್ನೂ ಅಕ್ಕಪಕ್ಕದ ಫ್ಲಾಸ್ಕಿನಲ್ಲಿ, ಒಂದೇ ದಿನ ಹಾಕಿ ನೋಡಲಿದ್ದಾರೆ.